ಹೊಗೆ ಬಣ್ಣದ ಹುಂಜ: ವಿಸ್ಕಾನ್ಸಿನ್ ಗುಡ್ಡಗಳಲ್ಲಿ ಐದು ವಸಂತ

ಮೊದಲು ಅದು ಗಾಳಿಗೆ ಹಾರಿ ಬಂದ ಗೊಬ್ಬರದ ಚೀಲ ಅಂದುಕೊಂಡೆ. 2019ರ ಏಪ್ರಿಲ್ ಕೊನೆಯ ವಾರ, ಬೆಳಗಿನ ಆರೂಕಾಲು ಗಂಟೆ. ಹಿಂದಿನ ವರ್ಷದ ಮೆಕ್ಕೆಜೋಳದ ಕೂಳೆ ಹೊಲದಲ್ಲಿ ಆರೇಳು ಕಾಡು ಟರ್ಕಿ ಕೋಳಿಯ ಹೇಂಟೆಗಳು ಕಾಳು ಹೆಕ್ಕುತ್ತಿದ್ದವು. ಅವುಗಳ ನಡುವೆ ಬಿಳಿಚಿದ ಏನೋ ಒಂದು. ಸ್ವಲ್ಪ ಹೊತ್ತಿಗೆ ಆ ಚೀಲ ಕತ್ತೆತ್ತಿ ನೋಡಿತು.

ಅದೂ ಹೇಂಟೆಯೇ. ಆದರೆ ಮೈಮೇಲೆ ಕಂದು ಬಣ್ಣ ಎಳ್ಳಷ್ಟೂ ಇಲ್ಲ. ಹಾಲಿಗೆ ಬೂದಿ ಕದಡಿದ ಹಾಗಿನ ಬಣ್ಣ. ಪ್ರತಿ ಪುಕ್ಕದ ಅಂಚಿಗೂ ಕಾಡಿಗೆ ತೀಡಿದಂತೆ ತೆಳುವಾದ ಕಪ್ಪು ಗೆರೆ. ಮೇಯುತ್ತಾ ಮೇಯುತ್ತಾ ನನ್ನಿಂದ 25 ಹೆಜ್ಜೆ ದೂರಕ್ಕೆ ಬಂತು. ಆಗ ಇನ್ನೊಂದು ವಿಷಯ ಕಂಡಿತು. ಎದೆಯಿಂದ ನಾಲ್ಕು ಇಂಚಿನಷ್ಟು ಉದ್ದದ ಕಪ್ಪು ಗಡ್ಡ ಇಳಿಬಿದ್ದಿತ್ತು. ಟರ್ಕಿಗೆ ಗಡ್ಡ ಅಂದರೆ ಕೂದಲಲ್ಲ, ಕೂದಲಿನ ಹಾಗೆ ಮಾರ್ಪಟ್ಟ ಪುಕ್ಕ. ಹುಂಜಕ್ಕೆ ಅದು ಇರುವುದು ಸಹಜ. ಅಲ್ಲೊಂದು ಇಲ್ಲೊಂದು ಹೇಂಟೆಗೂ ಬೆಳೆಯುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನಿಯಮ ಏನೆಂದರೆ, ವಸಂತ ಕಾಲದ ಬೇಟೆಯಲ್ಲಿ ಹುಂಜ ಅಥವಾ ಗಡ್ಡ ಇರುವ ಹಕ್ಕಿ, ಇವೆರಡನ್ನು ಹೊಡೆಯಬಹುದು. ಅಂದರೆ ಈ ಹೇಂಟೆಯನ್ನು ಹೊಡೆದರೆ ಕಾನೂನಿನ ತಪ್ಪಿಲ್ಲ. ಕೋವಿ ಮೊಣಕಾಲ ಮೇಲಿತ್ತು. ಬೆರಳು ಸೇಫ್ಟಿಯ ಮೇಲಿತ್ತು. ನಾನು ಹೊಡೆಯಲಿಲ್ಲ. ಅದು ಇನ್ನು ಕೆಲವೇ ದಿನಗಳಲ್ಲಿ ಗೂಡಿನಲ್ಲಿ ಕೂರಬೇಕಾದ ಹಕ್ಕಿ. ಹತ್ತು ಹನ್ನೆರಡು ಮೊಟ್ಟೆ ಇಟ್ಟು 28 ದಿನ ಕಾವು ಕೊಡುತ್ತದೆ. ಆ ಬಿಳಿಚಿದ ಮೈ ಹೊತ್ತುಕೊಂಡು, ನರಿ, ತೋಳದ ಜಾತಿಯ ಕಯೋಟಿ, ದೊಡ್ಡ ಗೂಬೆಗಳ ಕಣ್ಣು ತಪ್ಪಿಸಿ ಅಷ್ಟು ದೊಡ್ಡದಾಗಿ ಬೆಳೆದಿದೆಯಲ್ಲ ಅಂತ ನೋಡುತ್ತಾ ಕೂತೆ. ಹತ್ತು ನಿಮಿಷದಲ್ಲಿ ಹಿಂಡು ಓಕ್ ಮರಗಳ ಆಚೆ ಇಳಿದು ಹೋಯಿತು.

ಅಲ್ಲಿಂದ ಶುರುವಾದ ಕಥೆ ಇದು. ಹೊಗೆ ಬಣ್ಣದ ಟರ್ಕಿ ಹುಂಜ ಒಂದನ್ನು ಬೇಟೆಯಾಡಲು ನನಗೆ ಐದು ವಸಂತ ಹಿಡಿಯಿತು. ಆ ಐದು ವರ್ಷದಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ನಾನು ಸುಳ್ಯದ ಕಡೆಯವನು. ಅಜ್ಜನ ಅಡಿಕೆ ತೋಟಕ್ಕೆ ಹಂದಿ, ಮಂಗಗಳ ಕಾಟ ಇತ್ತು. ಅದಕ್ಕಾಗಿ ಬೆಳೆ ರಕ್ಷಣೆಯ ಲೈಸೆನ್ಸಿನ ಒಂದು ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಕೊಟ್ಟು ಬರಬೇಕು. ಅಜ್ಜ ಅದನ್ನು ಎಣ್ಣೆ ಹಾಕಿ ಒರೆಸುವುದನ್ನು ನೋಡಿದ್ದೇನೆಯೇ ಹೊರತು ನಾನು ಒಮ್ಮೆಯೂ ಮುಟ್ಟಿದ್ದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿ ಅಪರಾಧ. ಅದು ಸರಿಯಾದ ಕಾಯ್ದೆ ಅಂತಲೇ ನನ್ನ ಅಭಿಪ್ರಾಯ. ನಾನು ಬೇಟೆ ಕಲಿತದ್ದು ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ಗೆ ಕೆಲಸಕ್ಕೆ ಬಂದ ಮೇಲೆ. ಇಲ್ಲಿ 1973ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಬೇಟೆ ಲೈಸೆನ್ಸ್ ಪಡೆಯಬೇಕಾದರೆ ಸುರಕ್ಷತೆಯ ಕೋರ್ಸ್ ಮುಗಿಸಲೇಬೇಕು. ನನ್ನ ತರಗತಿಯಲ್ಲಿ ಹನ್ನೆರಡು ವರ್ಷದ ಮಕ್ಕಳ ನಡುವೆ ಕೂತು ಪರೀಕ್ಷೆ ಬರೆದೆ. ಆ ಪಾಠಗಳು ಇವತ್ತಿಗೂ ನನ್ನ ಕೈ ಕಾಯುತ್ತಿವೆ.

ಬೇಟೆಯ ಜಾಗ ವರ್ನನ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಮ್ಯಾಡಿಸನ್‌ನಿಂದ ಸುಮಾರು 100 ಮೈಲಿ. ಹಿಮಯುಗದ ಹಿಮದ ಹಾಸು ಈ ಮೂಲೆಯನ್ನು ಮುಟ್ಟದೆ ಬಿಟ್ಟದ್ದರಿಂದ ನೆಲ ಚಪ್ಪಟೆಯಾಗಿಲ್ಲ. ನಮ್ಮ ಘಟ್ಟದ ತಪ್ಪಲಿನ ಹಾಗೆ ಏರು, ಇಳಿತ, ಕಣಿವೆ, ತೊರೆ. ಗುಡ್ಡದ ನೆತ್ತಿಯಲ್ಲಿ ಹೊಲ, ಇಳಿಜಾರಿನಲ್ಲಿ ಓಕ್ ಮತ್ತು ಹಿಕರಿ ಕಾಡು, ಕೆಳಗೆ ಹಸುಗಳ ಹುಲ್ಲುಗಾವಲು. ಎಪ್ಪತ್ತು ದಾಟಿದ ಒಬ್ಬ ಹೈನುಗಾರರು ತಮ್ಮ ಜಾಗದಲ್ಲಿ ಬೇಟೆಗೆ ನನಗೆ ಒಪ್ಪಿಗೆ ಕೊಟ್ಟಿದ್ದಾರೆ. ಮೊದಲ ಸಲ ಕೇಳಲು ಹೋದಾಗ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ನನ್ನನ್ನು ಅರ್ಧ ಗಂಟೆ ಮಾತಾಡಿಸಿ, ಹಸುಗಳಿರುವ ಕಡೆಗೆ ಕೋವಿ ತಿರುಗಿಸುವುದಿಲ್ಲ ಅಂತ ಮಾತು ತಗೊಂಡು, ಆಮೇಲೆ ಹೂಂ ಅಂದರು.

ಈ ಕೌಂಟಿಗೂ ಟರ್ಕಿಗೂ ಒಂದು ನಂಟಿದೆ. ವಿಸ್ಕಾನ್ಸಿನ್‌ನಲ್ಲಿ ಕಾಡು ಟರ್ಕಿ ಪೂರ್ತಿ ನಾಶವಾಗಿತ್ತು. ಕೊನೆಯದು ಕಂಡದ್ದು 1881ರಲ್ಲಿ, ಡಾರ್ಲಿಂಗ್‌ಟನ್ ಊರಿನ ಹತ್ತಿರ. ಸಾಕಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರು, ನೆಲೆ ನಿಲ್ಲಲಿಲ್ಲ. 1976ರಲ್ಲಿ ಮಿಸೌರಿ ರಾಜ್ಯದ ಕಾಡಿನಿಂದ ಹಿಡಿದ ಟರ್ಕಿಗಳನ್ನು ತಂದು ಇದೇ ವರ್ನನ್ ಕೌಂಟಿಯಲ್ಲಿ ಬಿಟ್ಟರು. ಬದಲಿಗೆ ಇಲ್ಲಿಂದ ರಫ್ಡ್ ಗ್ರೌಸ್ ಹಕ್ಕಿಗಳನ್ನು ಅಲ್ಲಿಗೆ ಕೊಟ್ಟರು. ಮೊದಲು ಬಿಟ್ಟದ್ದು ಬರೇ 29 ಹಕ್ಕಿ. 1983ರಲ್ಲಿ ಬೇಟೆ ಶುರು ಮಾಡುವಷ್ಟು ಅವು ಬೆಳೆದಿದ್ದವು. ಕೋವಿ ಮತ್ತು ತೋಟಾಗಳ ಮೇಲೆ 1937ರ ಕಾಯ್ದೆಯಂತೆ ಒಂದು ತೆರಿಗೆ ಇದೆ. ಆ ಹಣ, ಲೈಸೆನ್ಸಿನ ಹಣ ಇಂಥ ಕೆಲಸಕ್ಕೆ ಹೋಗುತ್ತದೆ. ನಾನು ಕೊಂಡುಕೊಳ್ಳುವ ಪ್ರತಿ ಡಬ್ಬಿ ತೋಟಾದಲ್ಲೂ ಆ ಪಾಲಿದೆ ಅನ್ನುವುದು ನನಗೆ ಸಮಾಧಾನದ ವಿಷಯ.

ಈಗ ಬಣ್ಣದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಕೋಳಿ ಅಂಕದವರಿಗೆ ಹುಂಜದ ಬಣ್ಣವೇ ಅದರ ಹೆಸರು. ಬಿಳಿಯದು ಬೊಳ್ಳೆ. ಹೀಗೆ ಒಂದೊಂದು ಬಣ್ಣಕ್ಕೆ ಒಂದೊಂದು ಹೆಸರು, ಯಾವ ದಿನ ಯಾವ ಬಣ್ಣ ಗೆಲ್ಲುತ್ತದೆ ಅಂತ ಹೇಳಲು ಕುಕ್ಕುಟ ಪಂಚಾಂಗವೇ ಇದೆ. ಚಿಕ್ಕಂದಿನಲ್ಲಿ ಅದನ್ನೆಲ್ಲ ಕೇಳಿ ಬೆಳೆದ ನನಗೆ ಇಲ್ಲಿನ ಬೇಟೆಗಾರರ ಬಣ್ಣದ ಮಾತು ಬೇಗ ಹಿಡಿಸಿತು.

ಸಾಮಾನ್ಯ ಟರ್ಕಿ ದೂರಕ್ಕೆ ಕಪ್ಪು ಕಾಣುತ್ತದೆ. ಹತ್ತಿರ ಹೋದರೆ ತಾಮ್ರ, ಹಸಿರು, ಚಿನ್ನದ ಹೊಳಪು. ಆ ಹೊಳಪು ಬಣ್ಣದ ಪುಡಿಯಿಂದ ಬರುವುದಲ್ಲ. ಪುಕ್ಕದೊಳಗೆ ಕಪ್ಪು ಕಣಗಳು ಜೋಡಿಸಿಕೊಂಡಿರುವ ರೀತಿಗೆ ಬೆಳಕು ಹಾಗೆ ಒಡೆದು ಕಾಣುತ್ತದೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಹರಿದಾಡುತ್ತದಲ್ವಾ, ಹಾಗೆ. ಇದರ ಆಚೆ ನಾಲ್ಕು ಬಗೆಯ ಅಪರೂಪಗಳಿವೆ. ಕಂದು ಬಣ್ಣ ಹುಟ್ಟದೆ ಬಿಳಿ ಮತ್ತು ಬೂದು ಮಾತ್ರ ಉಳಿದರೆ ಅದು ಸ್ಮೋಕ್ ಫೇಸ್, ನಾನು ಹೊಗೆ ಬಣ್ಣ ಅನ್ನುತ್ತೇನೆ. ಅಪರೂಪಗಳಲ್ಲಿ ಹೆಚ್ಚು ಸಿಗುವುದು ಇದೇ. ಕೆಂಪು ಜಾಸ್ತಿಯಾಗಿ ತುಕ್ಕು ಹಿಡಿದ ಕಬ್ಬಿಣದ ಹಾಗೆ ಕಾಣುವುದು ಇನ್ನೊಂದು. ರೆಕ್ಕೆಯ ಬಿಳಿ ಪಟ್ಟೆಯನ್ನೂ ನುಂಗಿದ ಕಡುಗಪ್ಪು ಮತ್ತೊಂದು. ಕೊನೆಯದು ಮೈಯಲ್ಲಿ ಬಣ್ಣವೇ ಹುಟ್ಟದ ನಿಜವಾದ ಆಲ್ಬಿನೊ, ಅದರ ಕಣ್ಣೂ ಗುಲಾಬಿ. ಜನ ಹೊಗೆ ಬಣ್ಣದ ಹಕ್ಕಿ ನೋಡಿ ಆಲ್ಬಿನೊ ಅಂದುಬಿಡುತ್ತಾರೆ. ಕಣ್ಣು ನೋಡಿ. ಕಪ್ಪಗಿದ್ದರೆ, ಪುಕ್ಕದಲ್ಲಿ ಕಪ್ಪು ಗೆರೆ ಇದ್ದರೆ ಆಲ್ಬಿನೊ ಅಲ್ಲ.

ಯಾರದೋ ಮನೆಯ ಸಾಕು ಟರ್ಕಿ ತಪ್ಪಿಸಿಕೊಂಡು ಬಂದಿರಬೇಕು ಅಂತಲೂ ಹೇಳುತ್ತಾರೆ. ನನಗೂ ಮೊದಲ ವರ್ಷ ಆ ಅನುಮಾನ ಬಂತು. ಅದಕ್ಕೇ ಎರಡು ಸಂಜೆ ದುರ್ಬೀನು ಹಿಡಿದು ಕೂತೆ. ಸಾಕು ಹಕ್ಕಿಯ ಎದೆ ದಪ್ಪ, ಕಾಲು ಗಿಡ್ಡ ಮತ್ತು ಗಟ್ಟಿ, ನಡಿಗೆ ಭಾರ. ಈ ಹೇಂಟೆ ಸಪೂರ, ಕಾಲು ಉದ್ದ. ಕತ್ತಲಾಗುವ ಹೊತ್ತಿಗೆ ಇಳಿಜಾರಿನ ಅಂಚಿನಿಂದ ಒಂದೇ ಹಾರಿಗೆ ಎತ್ತರದ ಓಕ್ ಮರದ ಕೊಂಬೆ ಸೇರಿತು. ಅದು ಕಾಡಿನದೇ.

ಆ ಹೊಗೆ ಬಣ್ಣದವು ಹೆಚ್ಚಾಗಿ ಹೇಂಟೆಗಳೇ ಏಕೆ? ಇದು ನನ್ನನ್ನು ತುಂಬ ದಿನ ಕಾಡಿತು. ಸಾಕು ಟರ್ಕಿಗಳಲ್ಲಿ ನರಗಾನ್ಸೆಟ್ ಅನ್ನುವ ತಳಿಗೆ ಸುಮಾರು ಇಂಥದೇ ಬೂದು ಬಿಳಿ ಪುಕ್ಕ. ಆ ಬಣ್ಣ ಬರುವ ದಾರಿ ಗೊತ್ತಿದೆ. ಗಂಡು ಹೆಣ್ಣು ಯಾವುದೆಂದು ತೀರ್ಮಾನಿಸುವ ವರ್ಣತಂತುಗಳು (ಕ್ರೋಮೋಸೋಮ್) ಮನುಷ್ಯರಲ್ಲಿ ಗಂಡಿಗೆ ಎಕ್ಸ್ ಮತ್ತು ವೈ, ಹೆಣ್ಣಿಗೆ ಎರಡೂ ಎಕ್ಸ್. ಹಕ್ಕಿಗಳಲ್ಲಿ ತಿರುವುಮುರುವು. ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದೇ ಝಡ್. ಬಣ್ಣದ ಆ ಗುಣ ಝಡ್ ಮೇಲೆ ಕೂತಿರುತ್ತದೆ. ಹೇಂಟೆಗೆ ಒಂದು ಸಿಕ್ಕರೆ ಸಾಕು, ಬಣ್ಣ ಹೊರಗೆ ಬರುತ್ತದೆ. ಹುಂಜಕ್ಕೆ ಅಪ್ಪನಿಂದಲೂ ಅಮ್ಮನಿಂದಲೂ, ಎರಡೂ ಕಡೆಯಿಂದ ಬರಬೇಕು. ಹೇಂಟೆಗೆ ತನ್ನ ಝಡ್ ಬರುವುದು ಅಪ್ಪನಿಂದ. ಅಂದರೆ ಅಜ್ಜಿಯ ಬಣ್ಣ ಮಗನಲ್ಲಿ ಅಡಗಿ ಕೂತು ಮೊಮ್ಮಗಳಲ್ಲಿ ಹೊರಬರುತ್ತದೆ. ನಡುವಿನ ಆ ಮಗ ನೋಡಲು ಎಲ್ಲ ಹುಂಜಗಳಂತೆ ತಾಮ್ರದ ಬಣ್ಣದವನೇ. ಕಾಡಿನ ಹಕ್ಕಿಗಳಲ್ಲೂ ಇದೇ ದಾರಿ ಇರಬೇಕು ಅನ್ನುವುದು ನನ್ನ ತರ್ಕ. ನಾನು ಕಂಡ ಐದು ಹೊಗೆ ಬಣ್ಣದ ಹಕ್ಕಿಗಳಲ್ಲಿ ನಾಲ್ಕು ಹೇಂಟೆ.

ಐದನೆಯದೇ ಆ ಹುಂಜ.

2021ರ ವಸಂತದಲ್ಲಿ ಅದು ಇನ್ನೂ ಜೇಕ್. ಒಂದು ವರ್ಷದ ಮರಿ ಹುಂಜಕ್ಕೆ ಇಲ್ಲಿ ಜೇಕ್ ಅನ್ನುತ್ತಾರೆ. ಬಾಲ ಬೀಸಣಿಗೆಯ ಹಾಗೆ ಬಿಚ್ಚಿದರೆ ನಡುವಿನ ಕೆಲವು ಗರಿ ಉದ್ದ, ಬದಿಯವು ಗಿಡ್ಡ. ದೊಡ್ಡ ಹುಂಜದ ಬಾಲ ಒಂದೇ ಸಮ. ನಾಲ್ಕು ಜೇಕ್‌ಗಳ ಗುಂಪಿನಲ್ಲಿ ಇದೊಂದು ಬಿಳಿ. ಉಳಿದವು ಇದನ್ನು ಬೇರೆ ಮಾಡಿದ್ದು ನಾನು ನೋಡಲಿಲ್ಲ. ಜಗಳದಲ್ಲಿ, ಮೇವಿನಲ್ಲಿ ಎಲ್ಲದರಲ್ಲೂ ಸೇರಿಕೊಂಡಿತ್ತು. ಜೇಕ್ ಹೊಡೆಯಲು ನಿಯಮದಲ್ಲಿ ಅಡ್ಡಿ ಇಲ್ಲ. ನಾನು ಬೆಳೆಯಲು ಬಿಟ್ಟೆ.

2022ರಲ್ಲಿ ನಾನು ತಪ್ಪು ಮಾಡಿದೆ. ಅದನ್ನು ಬಿಚ್ಚಿ ಹೇಳಬೇಕು, ಏಕೆಂದರೆ ಬಿಳಿಚಿದ ಹಕ್ಕಿಯ ಬೇಟೆಗೆ ಹೋಗುವ ಯಾರಿಗೂ ಇದು ಆಗಬಹುದು. ಏಪ್ರಿಲ್ ಕೊನೆ, ಮೋಡ ಮುಸುಕಿದ ಮುಂಜಾನೆ. ಹುಂಜ ಮರದಿಂದ ಇಳಿದು ಹುಲ್ಲುಗಾವಲಿನ ಅಂಚಿಗೆ ಬಂತು. ಬಾಲ ಬಿಚ್ಚಿತ್ತು. ಕಪ್ಪು ಕಾಡಿನ ಮುಂದೆ ಬೆಳ್ಳಿ ತಟ್ಟೆ ಇಟ್ಟ ಹಾಗೆ. ಇನ್ನೇನು ಕೈಗೆ ಸಿಗುವಷ್ಟು ಹತ್ತಿರ ಅನ್ನಿಸಿತು. ಈಡು ಹೊಡೆದೆ. ಹುಂಜ ಒಂದು ಸಲ ಕುಪ್ಪಳಿಸಿ, ಓಡಿ, ಕಣಿವೆಯ ಮೇಲೆ ಹಾರಿ ಹೋಯಿತು.

ಎದ್ದು ಹೋಗಿ ಹೆಜ್ಜೆ ಎಣಿಸಿದೆ. 58. ನನ್ನ ಮಿತಿ 35 ಅಂತ ನಾನೇ ಹಾಕಿಕೊಂಡಿದ್ದೆ. ಮಂದ ಬೆಳಕಿನಲ್ಲಿ ಬಿಳಿಯ ವಸ್ತು ಹತ್ತಿರವೂ ದೊಡ್ಡದೂ ಆಗಿ ಕಾಣುತ್ತದೆ. ಸಾಮಾನ್ಯ ಹುಂಜವಾಗಿದ್ದರೆ ಆ ಬೆಳಕಿನಲ್ಲಿ ಅದರ ಕಪ್ಪು ಮೈ ಕಾಡಿನ ಕಪ್ಪಿನಲ್ಲಿ ಕಲೆತಿರುತ್ತಿತ್ತು, ನಾನು ಕಾಯುತ್ತಿದ್ದೆ. ಬಣ್ಣ ನನ್ನ ಕಣ್ಣನ್ನೂ ಕೆಡಿಸಿತು, ತಾಳ್ಮೆಯನ್ನೂ ಕೆಡಿಸಿತು. ರಕ್ತ ಇದೆಯಾ, ಪುಕ್ಕ ಉದುರಿದೆಯಾ ಅಂತ ಎರಡು ಗಂಟೆ ಕಣಿವೆಯೆಲ್ಲ ಹುಡುಕಿದೆ. ಏನೂ ಸಿಗಲಿಲ್ಲ. ಆ ವರ್ಷ ಮತ್ತೆ ಬೇಟೆಗೆ ಹೋಗಲಿಲ್ಲ. ಗಾಯಗೊಂಡು ಎಲ್ಲೋ ಬಿದ್ದಿದೆಯೇನೋ ಅನ್ನುವ ಯೋಚನೆ ತಿಂಗಳುಗಟ್ಟಲೆ ಬಿಡಲಿಲ್ಲ. ಡಿಸೆಂಬರಿನಲ್ಲಿ ಹೈನುಗಾರರು ಫೋನ್ ಮಾಡಿದರು. ಹಿಮದ ಮೇಲೆ ಮೇವಿನ ಗುಂಡಿಯ ಹತ್ತಿರ ಬಂದ ಹುಂಜಗಳ ಗುಂಪಿನಲ್ಲಿ ಆ ಬಿಳಿಯದೂ ಇದೆ, ಚೆನ್ನಾಗಿದೆ ಅಂದರು. ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಮುಂದಿನ ವರ್ಷಕ್ಕೆ ತಯಾರಿ ಬೇರೆ ತರಹ ಮಾಡಿದೆ.

ಮೊದಲು ಕೋವಿಯ ಅಳತೆ. ನನ್ನದು 12 ಬೋರ್ ಪಂಪ್ ಕೋವಿ, 5ನೇ ನಂಬರಿನ ಸೀಸದ ಚರೆ. ದೊಡ್ಡ ಕಾಗದದ ಮೇಲೆ 10 ಇಂಚಿನ ವೃತ್ತ ಬರೆದು ಬೇರೆಬೇರೆ ದೂರದಿಂದ ಹೊಡೆದು ತೂತು ಎಣಿಸಬೇಕು. ವೃತ್ತದೊಳಗೆ 100 ಚರೆ ಬಿದ್ದರೆ ಆ ದೂರಕ್ಕೆ ನಂಬಬಹುದು ಅನ್ನುವುದು ಇಲ್ಲಿನ ಬೇಟೆಗಾರರ ರೂಢಿ. 40 ಗಜಕ್ಕೆ ನನ್ನದು 80ರ ಆಸುಪಾಸು ನಿಂತಿತು. 35ಕ್ಕೆ 100 ದಾಟಿತು. ಗುರಿ ಇಡುವುದು ತಲೆ ಮತ್ತು ಕತ್ತಿಗೆ ಮಾತ್ರ, ಮೈಗೆ ಅಲ್ಲ. ಹಾಗಾದರೆ ಹಕ್ಕಿ ನರಳುವುದಿಲ್ಲ, ಮಾಂಸವೂ ಕೆಡುವುದಿಲ್ಲ.

ಎರಡನೆಯದು ದೂರದ ಗುರುತು. ಕೂರುವ ಮರದಿಂದ 20, 30, 35 ಗಜಕ್ಕೆ ಯಾವ ಬುಡ, ಯಾವ ಕಲ್ಲು ಅಂತ ಹಿಂದಿನ ದಿನವೇ ರೇಂಜ್‌ಫೈಂಡರ್‌ನಲ್ಲಿ ನೋಡಿ ಇಟ್ಟುಕೊಳ್ಳುವುದು. ಆಮೇಲೆ ಹಕ್ಕಿಯನ್ನು ನೋಡಿ ದೂರ ಅಂದಾಜು ಮಾಡಲೇಬಾರದು. ಅದು 35ರ ಕಲ್ಲು ದಾಟಿತೇ ಇಲ್ಲವೇ, ಅಷ್ಟೇ.

ಮೂರನೆಯದು ಗಂಡೋ ಹೆಣ್ಣೋ ಅನ್ನುವ ಗುರುತು. ಇದು ಹೊಗೆ ಬಣ್ಣದಲ್ಲಿ ತೊಡಕಿನ ವಿಷಯ. ಸಾಮಾನ್ಯ ಟರ್ಕಿಯಲ್ಲಿ ಎದೆಯ ಪುಕ್ಕದ ತುದಿ ಹೇಂಟೆಗೆ ತಿಳಿ ಕಂದು, ಹುಂಜಕ್ಕೆ ಕಪ್ಪು. ಇಲ್ಲಿ ಕಂದೇ ಇಲ್ಲವಲ್ಲ, ಹಾಗಾಗಿ ಎದೆ ನೋಡಿ ಹೇಳುವುದು ನಂಬಿಕೆಯ ದಾರಿ ಅಲ್ಲ. ಗಡ್ಡ ಕಪ್ಪಾಗಿ ಎದ್ದು ಕಾಣುತ್ತದೆ ನಿಜ, ಆದರೆ ಗಡ್ಡದ ಹೇಂಟೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉಳಿಯುವುದು ತಲೆ. ವಸಂತದಲ್ಲಿ ಹುಂಜದ ತಲೆ ಕೆಂಪು, ಬಿಳಿ, ನೀಲಿ, ಕ್ಷಣಕ್ಕೊಂದು ಬಣ್ಣ. ಹೇಂಟೆಯ ತಲೆ ಸಣ್ಣದು, ಮಂಕಾದ ನೀಲಿ ಬೂದು. 1612ರಲ್ಲಿ ಗೋವಾದಿಂದ ಒಂದು ಟರ್ಕಿಯನ್ನು ಜಹಾಂಗೀರನ ಆಸ್ಥಾನಕ್ಕೆ ಒಯ್ದಿದ್ದರು. ಚಿತ್ರಕಾರ ಮನ್ಸೂರ್ ಅದನ್ನು ಬರೆದ. ಅದರ ತಲೆ ಗೋಸುಂಬೆಯ ಹಾಗೆ ಬಣ್ಣ ಬದಲಿಸುತ್ತದೆ ಅಂತ ಜಹಾಂಗೀರ್ ಬೆರಗಿನಿಂದ ಬರೆದಿಟ್ಟಿದ್ದಾನೆ. ನಮ್ಮ ಕರಾವಳಿಯ ಪಕ್ಕದ ಬಂದರಿಗೆ ಬಂದಿಳಿದ ಆ ಹಕ್ಕಿಯ ಚಿತ್ರ ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಮೈ ಯಾವ ಬಣ್ಣವಾದರೂ ಇರಲಿ, ಹುಂಜದ ತಲೆ ಸುಳ್ಳು ಹೇಳುವುದಿಲ್ಲ. ಇದೇ ಕಾರಣಕ್ಕೆ ಟರ್ಕಿ ಕಾಡಿಗೆ ಹೋಗುವ ಯಾರೂ ಕೆಂಪು, ಬಿಳಿ, ನೀಲಿ ಬಟ್ಟೆ ತೊಡಬಾರದು. ಕರವಸ್ತ್ರವೂ ಬೇಡ.

ಇಲ್ಲಿ ವಸಂತದ ಬೇಟೆ ಏಪ್ರಿಲಿನ ಮೂರನೇ ಬುಧವಾರ ಶುರುವಾಗುತ್ತದೆ. ಏಳೇಳು ದಿನದ ಆರು ಅವಧಿ. ನಿಮಗೆ ಸಿಕ್ಕ ಅವಧಿಯಲ್ಲಿ, ಸಿಕ್ಕ ವಲಯದಲ್ಲಿ ಮಾತ್ರ ಹೋಗಬೇಕು. ಎಲ್ಲರಿಗೂ ಮೊದಲ ಅವಧಿಯ ಮೇಲೆ ಕಣ್ಣು. ನಾನು 2023ಕ್ಕೆ ಬೇಕೆಂದೇ ಮೂರನೆಯದನ್ನು ಕೇಳಿದೆ. ಮೇ ಮೊದಲ ವಾರಕ್ಕೆ ಹೇಂಟೆಗಳು ಒಂದೊಂದಾಗಿ ಗೂಡಿಗೆ ಸರಿಯುತ್ತವೆ. ಹುಂಜ ಒಂಟಿಯಾಗುತ್ತದೆ, ಕೂಗಿಗೆ ಓಗೊಡುತ್ತದೆ. ಅಷ್ಟು ಹೊತ್ತಿಗೆ ಆ ವರ್ಷದ ಕೂಡುವಿಕೆಯೂ ಬಹಳ ಮಟ್ಟಿಗೆ ಮುಗಿದಿರುತ್ತದೆ. ಹುಂಜ ಹೋದರೂ ಮೊಟ್ಟೆಗಳಿಗೆ ಕುತ್ತಿಲ್ಲ.

ಮೊದಲ ದಿನ ಮಳೆ. ಎರಡನೆಯ ದಿನ ಹುಂಜ ಕೂಗಿತು, ಬರಲಿಲ್ಲ. ಕಣಿವೆಯ ಆಚೆ ದಡದಲ್ಲೇ ಅಡ್ಡಾಡಿ ಹೋಯಿತು. ಆ ಸಂಜೆ ಅದು ಯಾವ ಮರ ಏರುತ್ತದೆ ಅಂತ ದೂರದಿಂದ ನೋಡಿ ಇಟ್ಟುಕೊಂಡೆ. ಮೂರನೆಯ ದಿನ ಬೆಳಗಿನ ನಾಲ್ಕಕ್ಕೆ ಗುಡ್ಡದ ನೆತ್ತಿಯ ದಾರಿಯಿಂದ, ಟಾರ್ಚ್ ಹಾಕದೆ, ಆ ಮರಕ್ಕಿಂತ ಸ್ವಲ್ಪ ಮೇಲೆ ಬಂದು ಕೂತೆ. ಇಳಿಜಾರಿನ ಕೆಳಕ್ಕೆ ಬಾ ಅಂದರೆ ಟರ್ಕಿ ಹುಂಜ ಸುಲಭಕ್ಕೆ ಬರುವುದಿಲ್ಲ, ಏರಿ ಬರಲು ಅದಕ್ಕೆ ಬೇಸರವಿಲ್ಲ. ಇದು ನನ್ನ ಅನುಭವ. ಬೆನ್ನಿಗೆ ನನ್ನ ಭುಜಕ್ಕಿಂತ ಅಗಲದ ಓಕ್ ಮರ. ಸುತ್ತ ಟ್ರಿಲಿಯಂ ಹೂ ಬಿಳಿ ಚುಕ್ಕೆಗಳಂತೆ.

ಐದು ಗಂಟೆಗೆ ಗೂಬೆ ಕೂಗಿತು. ಅದಕ್ಕೆ ಉತ್ತರವಾಗಿ ಕೆಳಗಿನ ಮರದಿಂದ ಗುಳುಗುಳುಗುಳು ಅಂತ ಹುಂಜದ ಕೂಗು. ಎದೆಯೊಳಗೆ ಬಡಿದ ಹಾಗೆ ಆಯಿತು. ನಾನು ಸುಮ್ನೆ ಇದ್ದೆ. ಹಕ್ಕಿ ಮರದಲ್ಲಿರುವಾಗ ಜಾಸ್ತಿ ಕರೆದರೆ ಅದು ಅಲ್ಲೇ ಕೂತು ಹೇಂಟೆ ತನ್ನ ಹತ್ತಿರ ಬರಲಿ ಅಂತ ಕಾಯುತ್ತದೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿಂದ ಬೇಟೆಗೆ ಅವಕಾಶವಿದ್ದರೂ ನನಗೆ ಆ ಬೆಳಕು ಬೇಡವಾಗಿತ್ತು.

ರೆಕ್ಕೆ ಬಡಿದು ಇಳಿದ ಸದ್ದು ಕೇಳಿದ ಮೇಲೆ ಕಲ್ಲಿನ ಬಿಲ್ಲೆ ತೆಗೆದೆ. ಅದರ ಮೇಲೆ ಮರದ ಕಡ್ಡಿ ಉಜ್ಜಿದರೆ ಹೇಂಟೆಯ ದನಿ ಬರುತ್ತದೆ. ಶಾಲೆಯಲ್ಲಿ ಸ್ಲೇಟಿನ ಮೇಲೆ ಬಳಪ ಕಿರುಗುಟ್ಟಿಸಿ ಬೈಸಿಕೊಂಡ ನೆನಪಿದ್ದವರಿಗೆ ಈ ವಿದ್ಯೆ ಬೇಗ ಬರುತ್ತದೆ. ಮೂರು ಸಲ ಮೆಲ್ಲಗೆ. ತಕ್ಷಣ ಓಗೊಟ್ಟಿತು. ಬಿಲ್ಲೆ ಕೆಳಗಿಟ್ಟೆ. ಆಮೇಲೆ ಇಪ್ಪತ್ತು ನಿಮಿಷ ಏನೂ ಇಲ್ಲ. ಬಲಗೈಯಿಂದ ಒಣ ಎಲೆ ಎರಡು ಸಲ ಕೆದಕಿದೆ, ಹೇಂಟೆ ಮೇಯುವ ಹಾಗೆ.

ಮೊದಲು ಕಂಡದ್ದು ಬಾಲದ ಬೀಸಣಿಗೆ. ಏರಿನ ಅಂಚಿನಿಂದ ಬೆಳ್ಳಗೆ ಮೇಲೆದ್ದು ಬಂತು. ಈ ಸಲ ಸೂರ್ಯ ಹುಟ್ಟಿಯಾಗಿತ್ತು. ಓರೆ ಬಿಸಿಲು ಬಿದ್ದು ಪ್ರತಿ ಗರಿಯ ಕಪ್ಪು ಅಂಚೂ ಎಣಿಸುವ ಹಾಗೆ ಕಾಣುತ್ತಿತ್ತು. ತಾಮ್ರದ ಹೊಳಪು ಇಲ್ಲ, ಅದರ ಜಾಗದಲ್ಲಿ ಮುತ್ತಿನಂಥ ತಣ್ಣನೆಯ ಬೆಳಕು. ನಾನು ನೋಡಬೇಕಾದ್ದು ಅದನ್ನಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ. ತಲೆ: ನೆತ್ತಿ ಬಿಳಿ, ಕೆನ್ನೆ ನೀಲಿ, ಕೊರಳ ಗಂಟುಗಳು ಕೆಂಪು. ಹುಂಜ. ಬಾಲ ಒಂದೇ ಸಮ. ಗಡ್ಡ ಉದ್ದ. ಹಿಂದೆ ಬೇರೆ ಹಕ್ಕಿ ಇಲ್ಲ, ಮನುಷ್ಯರಿಲ್ಲ, ಹಸುಗಳಿಲ್ಲ. ಕಲ್ಲು: ಇನ್ನೂ ದಾಟಿಲ್ಲ.

ಅಲ್ಲೇ ನಿಂತಿತು. ಐದು ನಿಮಿಷವಾದರೂ ಆಗಿರಬೇಕು. ಕಾಲು ಜೋಮು ಹಿಡಿಯಿತು. ಕಣ್ಣಿಗೆ ಅದು ಹಿಂದಿನ ವರ್ಷದಂತೆಯೇ ತೀರ ಹತ್ತಿರ ಅನ್ನಿಸುತ್ತಿತ್ತು. ಕಲ್ಲು ಇಲ್ಲದಿದ್ದರೆ ಮತ್ತೆ ಅದೇ ತಪ್ಪು ಮಾಡುತ್ತಿದ್ದೆ. ಆಮೇಲೆ ಬಾಲ ಮಡಚಿ, ನಾಲ್ಕು ಹೆಜ್ಜೆ ಇಟ್ಟು, ಕಲ್ಲು ದಾಟಿ, 30ರ ಬುಡದ ಹತ್ತಿರ ಬಂದು ಕತ್ತು ನೀಳ ಮಾಡಿತು.

ಒಂದೇ ಈಡು. ಬಿದ್ದ ಜಾಗದಿಂದ ಅಲುಗಲಿಲ್ಲ.

ಹತ್ತಿರ ಹೋಗಿ ಮೊಣಕಾಲೂರಿ ಕೂತೆ. ರೆಕ್ಕೆಯ ಮೇಲೆ ಕೈ ಇಟ್ಟೆ, ಬೆಚ್ಚಗಿತ್ತು. ಕೈ ಮುಗಿದೆ. ಸಂತೋಷವೂ ಇತ್ತು, ಗಂಟಲೂ ಕಟ್ಟಿತ್ತು. ತುಂಬ ಹೊತ್ತು ಹಾಗೇ ಕೂತಿದ್ದೆ. ಹೊತ್ತುಕೊಂಡು ಹೋಗುವಾಗ ಕಿತ್ತಳೆ ಬಣ್ಣದ ಚೀಲದಲ್ಲಿ ಪೂರ್ತಿ ಮುಚ್ಚಿದೆ. ಬೆನ್ನ ಮೇಲೆ ಅಲುಗುವ ಟರ್ಕಿ ತಲೆ ಇನ್ನೊಬ್ಬ ಬೇಟೆಗಾರನಿಗೆ ಕಂಡರೆ ಅಪಾಯ.

ತೂಕ 21 ಪೌಂಡ್. ಗಡ್ಡ ಒಂಬತ್ತೂವರೆ ಇಂಚು. ಕಾಲಿನ ಮುಳ್ಳು ಎರಡೂ ಒಂದೊಂದು ಇಂಚು, ಮೂರು ವರ್ಷದ ಹುಂಜಕ್ಕೆ ಸರಿಯಾದದ್ದು. ನ್ಯಾಷನಲ್ ವೈಲ್ಡ್ ಟರ್ಕಿ ಫೆಡರೇಷನ್‌ನ ಲೆಕ್ಕದಲ್ಲಿ ತೂಕಕ್ಕೆ ಗಡ್ಡದ ಎರಡರಷ್ಟು, ಮುಳ್ಳುಗಳ ಹತ್ತರಷ್ಟು ಕೂಡಿಸುತ್ತಾರೆ. 21, 19, 20, ಒಟ್ಟು 60. ಆ ಲೆಕ್ಕದಲ್ಲಿ ಬಣ್ಣಕ್ಕೆ ಅಂಕ ಇಲ್ಲ. ಅದು ಸರಿ ಅನ್ನಿಸುತ್ತದೆ. ಬಣ್ಣಕ್ಕೂ ಅಂಕ ಕೊಡಲು ಶುರು ಮಾಡಿದರೆ ಹೊಗೆ ಬಣ್ಣದ ಹಕ್ಕಿಗಳ ಹಿಂದೆ ಜನ ಬೀಳುತ್ತಾರೆ. ಮಾರನೆಯ ದಿನ ಸಂಜೆ ಐದರೊಳಗೆ ಬೇಟೆಯ ವಿವರ ರಾಜ್ಯದ ವ್ಯವಸ್ಥೆಗೆ ದಾಖಲಿಸಬೇಕು. ಅದನ್ನು ಕಾರಿನಲ್ಲೇ ಕೂತು ಮುಗಿಸಿದೆ.

ಊರಿಗೆ ಫೋಟೋ ಕಳಿಸಿದೆ. ಅಮ್ಮ ಫೋನ್ ಮಾಡಿದರು. ಒಂದು ನಿಮಿಷ ಮಾತೇ ಆಡಲಿಲ್ಲ.

"ಅಷ್ಟು ಚಂದದ ಹಕ್ಕಿಯನ್ನು ಕೊಂದದ್ದು ಯಾಕೆ ಮಾರಾಯ?" ಅಂದರು.

"ಬಣ್ಣ ಬೇರೆ ಇದ್ದರೆ ಸಾಕಬೇಕು, ಮಾಮೂಲಿ ಇದ್ದರೆ ತಿನ್ನಬೇಕು ಅಂತ ಉಂಟಾ ಅಮ್ಮ?" ಅಂದೆ.

"ಹಾಗೆ ಅಲ್ಲ. ಅದರ ವಂಶ ನಿಲ್ಲಬೇಕಲ್ಲ."

ಅಮ್ಮನ ಮಾತಿಗೆ ತೂಕ ಇದೆ. ನನ್ನ ಉತ್ತರ ಇಷ್ಟೇ. ಒಂದು ಹುಂಜ ಹಲವು ಹೇಂಟೆಗಳನ್ನು ಕೂಡುತ್ತದೆ. ಆ ಬಣ್ಣ ಆಗಲೇ ಮೊಟ್ಟೆಗಳಿಗೆ ದಾಟಿರುತ್ತದೆ. ಹೊರಗೆ ಕಾಣದೆ ಎಷ್ಟೋ ತಾಮ್ರ ಬಣ್ಣದ ಹುಂಜಗಳಲ್ಲೂ ಅಡಗಿರಬಹುದು. ವಂಶ ನಿಲ್ಲುವುದು ಹೇಂಟೆಯ ಮೇಲೆ. ವಿಸ್ಕಾನ್ಸಿನ್‌ನಲ್ಲಿ ಬಿಳಿ ಜಿಂಕೆಗೆ ಕಾನೂನಿನ ರಕ್ಷಣೆ ಇದೆ, ಟರ್ಕಿಗೆ ಹಾಗೆ ಇಲ್ಲ. ಆದ್ದರಿಂದ ನಾನು ಕೇಳಿಕೊಳ್ಳುವುದು ಗಡ್ಡ ಇರುವ ಹೇಂಟೆಯ ವಿಷಯದಲ್ಲಿ. ಅದು ಹೊಗೆ ಬಣ್ಣದ್ದಿರಲಿ, ಬೇರೆ ಇರಲಿ, ಹೊಡೆಯಲು ನಿಯಮ ಒಪ್ಪಿದರೂ ನೀವು ಬಿಟ್ಟುಬಿಡಿ. ಅದೂ ಎಲ್ಲ ಹೇಂಟೆಗಳಂತೆ ಮೊಟ್ಟೆ ಇಟ್ಟು ಮರಿ ಮಾಡುತ್ತದೆ.

ಎದೆಯ ಮಾಂಸವನ್ನು ತೆಳುವಾಗಿ ಕೊಯ್ದು ಮೆಣಸು, ಬೆಳ್ಳುಳ್ಳಿ ಹಾಕಿ ತುಪ್ಪದಲ್ಲಿ ಬೇಗ ಹುರಿದೆವು. ಜಾಸ್ತಿ ಬೆಂದರೆ ನಾರಾಗುತ್ತದೆ. ಕಾಡು ಟರ್ಕಿಯ ಕಾಲು ಬೇರೆಯೇ ಕಥೆ. ದಿನಾ ಗುಡ್ಡ ಹತ್ತಿ ಇಳಿದ ಕಾಲು. ಕುಕ್ಕರಿನಲ್ಲಿ ಹತ್ತು ಸೀಟಿ ಆದ ಮೇಲೆ ಸ್ನಾಯುವಿನ ಗಟ್ಟಿ ಕಡ್ಡಿಗಳನ್ನು ಬಿಡಿಸಿ, ತೆಂಗಿನತುರಿ, ಕೊತ್ತಂಬರಿ, ಬ್ಯಾಡಗಿ ಮೆಣಸು ಹುರಿದು ಸುಕ್ಕ ಮಾಡಿದೆವು. ಉಳಿದ ರಸಕ್ಕೆ ಕೋರಿ ರೊಟ್ಟಿ. ಹೈನುಗಾರರ ಮನೆಗೂ ಒಂದು ಡಬ್ಬಿ ಹೋಯಿತು. ಬಾಲವನ್ನು ರಟ್ಟಿನ ಮೇಲೆ ಬಿಚ್ಚಿ ಪಿನ್ ಹೊಡೆದು, ಬುಡಕ್ಕೆ ಬೋರಾಕ್ಸ್ ಪುಡಿ ತುಂಬಿ ನಾಲ್ಕು ವಾರ ಒಣಗಿಸಿದೆ. ಈಗ ಮಗಳ ಕೋಣೆಯ ಗೋಡೆಯಲ್ಲಿದೆ.

ಅದೇ ಜೂನ್ ಮೊದಲ ವಾರ ಹೈನುಗಾರರು ಮತ್ತೆ ಫೋನ್ ಮಾಡಿದರು. ಆಲ್ಫಾಲ್ಫಾ ಹುಲ್ಲಿನ ಮೊದಲ ಕೊಯ್ಲಿಗೆ ಟ್ರ್ಯಾಕ್ಟರ್ ಇಳಿಸಿದ್ದರು. ಹೊಲದ ಮೇಲಿನ ಮೂಲೆಯಲ್ಲಿ ಹುಲ್ಲಿನ ನಡುವೆ ಬೆಳ್ಳಗೆ ಏನೋ ಕಂಡು ನಿಲ್ಲಿಸಿದರಂತೆ. ಹೊಗೆ ಬಣ್ಣದ ಹೇಂಟೆ, ಗಡ್ಡ ಇಲ್ಲದ್ದು, ಮೊಟ್ಟೆಗಳ ಮೇಲೆ ಕೂತಿತ್ತು. ಹೀಗೆ ಹುಲ್ಲು ಕೊಯ್ಯುವಾಗ ಎಷ್ಟೋ ಗೂಡುಗಳು ಯಂತ್ರಕ್ಕೆ ಸಿಕ್ಕಿ ಹೋಗುತ್ತವೆ, ಕಂದು ಹೇಂಟೆ ಹುಲ್ಲಿನಲ್ಲಿ ಕಾಣುವುದೇ ಇಲ್ಲ. ಇದು ಕಂಡಿತು. ಅವರು ಸುತ್ತಲೂ ಮೂವತ್ತು ಅಡಿ ಹುಲ್ಲು ಹಾಗೇ ಬಿಟ್ಟು ಉಳಿದದ್ದನ್ನು ಕೊಯ್ದರು.

ಎರಡು ವಾರ ಕಳೆದು ಮಗಳನ್ನು ಕರೆದುಕೊಂಡು ಹೋದೆ. ಕೊಯ್ದ ಹೊಲದ ನಡುವೆ ಆ ಹುಲ್ಲಿನ ತುಂಡು ದ್ವೀಪದಂತೆ ನಿಂತಿತ್ತು. ಒಳಗೆ ನೆಲದಲ್ಲಿ ಸಣ್ಣ ತಗ್ಗು. ಮಗಳು ಮೊಣಕಾಲೂರಿ ಒಡೆದ ಚಿಪ್ಪುಗಳನ್ನು ಎಣಿಸಿದಳು. ಒಂಬತ್ತು.